ದೊಡ್ಡ ದನಿಯ ಸಣ್ಣ ಜೀವ

ಮದುವೆ ಮನೆಯಲ್ಲಾಗಲಿ, ಗಣೇಶನ ಪೆಂಡಾಲಿನಲ್ಲಾಗಲಿ, ಶಾಲೆಯ ವಾರ್ಷಿಕೋತ್ಸವದಲ್ಲಾಗಲಿ, ನಾವು ಹೆಂಗಸರು ಮೊದಲು ಹುಡುಕುವುದು ಧ್ವನಿವರ್ಧಕದಿಂದ ದೂರವಿರುವ ಕುರ್ಚಿಯನ್ನು. ಬೀರುವಿನಷ್ಟು ಎತ್ತರದ ಆ ಕಪ್ಪು ಪೆಟ್ಟಿಗೆಗಳ ಮುಂದೆ ಜಾಗ ಸಿಕ್ಕಿತೋ, ಮುಗಿಯಿತು. ಪಕ್ಕದಲ್ಲಿ ಕುಳಿತವರ ಮಗಳಿಗೆ ಗಂಡು ಗೊತ್ತಾಯಿತೇ ಎಂದು ಕೇಳುವುದಕ್ಕೂ ಕೈಸನ್ನೆ ಮಾಡಬೇಕು. "ಮೈಕಾಸುರ" ಎಂದು ಬೈದು, ಕಿವಿಗೆ ಸೆರಗು ಒತ್ತಿಕೊಂಡು ಊಟದ ಸಾಲಿನತ್ತ ನಡೆಯುತ್ತೇವೆ. ಆ ಅಸುರ ಅಲ್ಲಿಯವರೆಗೆ ಹೇಗೆ ಬಂದ, ದಾರಿಯಲ್ಲಿ ಅವನಿಗೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಅಷ್ಟು ಜೋರು ಗಂಟಲಿನವನಿಗೆ ಏನಾದೀತು ಎಂಬ ಧೈರ್ಯ.

ಆದರೆ ಈ ಅಸುರನ ಜೀವ, ಅಜ್ಜಿ ಕಥೆಯ ರಾಕ್ಷಸನ ಜೀವ ಏಳು ಸಮುದ್ರದಾಚೆ ಗಿಳಿಯಲ್ಲಿರುವಂತೆ, ಬಹಳ ಸಣ್ಣ ಜಾಗದಲ್ಲಿದೆ. ಪೆಟ್ಟಿಗೆಯ ಮುಂದಿನ ಜಾಲರಿ ತೆಗೆದು ನೋಡಿ. ಒಳಗೆ ದೊಡ್ಡ ಊಟದ ತಟ್ಟೆಯಷ್ಟು ಅಗಲದ ಕಾಗದದ ಬಟ್ಟಲು. ಅದರ ಹಿಂದೆ, ಮಗುವಿನ ಕೈಬಳೆಯಷ್ಟು ಅಗಲದಲ್ಲಿ ಸುತ್ತಿದ ತೆಳು ತಂತಿಯ ಸುರುಳಿ. ಆ ಸುರುಳಿ ಒಂದು ಭಾರಿ ಅಯಸ್ಕಾಂತದ ಸೀಳಿನಲ್ಲಿ, ಎರಡು ಕಡೆಯೂ ತಾಗದಂತೆ ತೂಗಾಡುತ್ತಿರುತ್ತದೆ. ಸುರುಳಿಗೂ ಕಬ್ಬಿಣಕ್ಕೂ ನಡುವೆ ಇರುವ ಸಂದು ಒಂದು ಮಿಲಿಮೀಟರಿಗಿಂತ ಕಡಿಮೆ. ವಿದ್ಯುತ್ತು ಹರಿದಾಗ ಸುರುಳಿ ಮುಂದಕ್ಕೂ ಹಿಂದಕ್ಕೂ ಅಲುಗುತ್ತದೆ, ಕಾಗದ ಅಲುಗುತ್ತದೆ, ಗಾಳಿ ಅಲುಗುತ್ತದೆ. ಅದೇ ನಮಗೆ ಕೇಳುವ ಹಾಡು. ಮಣಭಾರದ ಪೆಟ್ಟಿಗೆಯೊಳಗೆ ಕೂದಲೆಳೆಯ ಸಂದು. ಇಂಥದ್ದನ್ನು ಲಾರಿಯಲ್ಲೋ ರೈಲಿನಲ್ಲೋ ಹಡಗಿನಲ್ಲೋ ಸಾವಿರಾರು ಮೈಲಿ ಸಾಗಿಸುವುದೆಂದರೆ, ತುಂಬಿದ ಗಡಿಗೆಯನ್ನು ಹಗ್ಗದ ಮೇಲೆ ನಡೆದು ದಾಟಿಸಿದ ಹಾಗೆ. ಅದನ್ನು ಮನುಷ್ಯರು ಹೇಗೆ ಕಲಿತರು ಎಂಬುದೇ ಈ ಪ್ರಬಂಧದ ಕಥೆ.

ಧ್ವನಿವರ್ಧಕಕ್ಕೆ ನೂರು ವರ್ಷ ದಾಟಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೀಟರ್ ಜೆನ್ಸೆನ್ ಎಂಬ ಡೆನ್ಮಾರ್ಕಿನ ಯುವಕ, ಎಡ್ವಿನ್ ಪ್ರಿಡ್‌ಹ್ಯಾಮ್ ಎಂಬ ಗೆಳೆಯನೊಡನೆ ಸೇರಿ ಟೆಲಿಫೋನಿನ ತತ್ವಕ್ಕೆ ಗ್ರಾಮಫೋನಿನ ಕೊಂಬು ಜೋಡಿಸಿದ. 1915ರ ಕ್ರಿಸ್‌ಮಸ್ ಹಿಂದಿನ ದಿನ ಸ್ಯಾನ್ ಫ್ರಾನ್ಸಿಸ್ಕೋ ನಗರ ಸಭಾಂಗಣದ ಮುಂದೆ ನೆರೆದ ಜನಕ್ಕೆ ಅದರ ದನಿ ಕೇಳಿಸಿತು. ಅವರು ಅದಕ್ಕೆ ಇಟ್ಟ ಹೆಸರು ಮ್ಯಾಗ್ನಾವಾಕ್ಸ್; ಲ್ಯಾಟಿನ್ ಭಾಷೆಯಲ್ಲಿ ದೊಡ್ಡ ದನಿ ಎಂದರ್ಥ. 1919ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯೇಗೋ ನಗರದ ಬಯಲಿನಲ್ಲಿ ಸುಮಾರು 50,000 ಜನರಿಗೆ ಇದರ ಮೂಲಕವೇ ಮಾತನಾಡಿದರು. ಅಲ್ಲಿಯವರೆಗೆ ಅಷ್ಟು ಜನಕ್ಕೆ ಒಬ್ಬನ ಮಾತು ಕೇಳಬೇಕಾದರೆ ನಮ್ಮ ನಾಟಕದ ಕಂಪನಿಗಳ ನಟರ ಹಾಗೆ ಎದೆಯಿಂದ ಕೂಗಬೇಕಿತ್ತು.

ಈಗ ನಾವು ಕಾಣುವ ಕಾಗದದ ಬಟ್ಟಲಿನ ಸ್ಪೀಕರು ರೂಪ ತಾಳಿದ್ದು 1925ರಲ್ಲಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳ ಕೈಯಲ್ಲಿ. ಆಗ ಅಷ್ಟು ಬಲವಾದ ಶಾಶ್ವತ ಅಯಸ್ಕಾಂತ ಸಿಗುತ್ತಿರಲಿಲ್ಲ. ಕಬ್ಬಿಣದ ಗಡಿಗೆಯೊಳಗೆ ಕಿಲೋಗಟ್ಟಲೆ ತಾಮ್ರದ ತಂತಿ ಸುತ್ತಿ, ವಿದ್ಯುತ್ತು ಹರಿಸಿ ಅಯಸ್ಕಾಂತ ಮಾಡುತ್ತಿದ್ದರು. ಹೀಗೆ ಹುಟ್ಟಿನಿಂದಲೇ ಸ್ಪೀಕರಿಗೆ ಒಂದು ವಿಚಿತ್ರ ಸಂಸಾರ ಗಂಟುಬಿತ್ತು. ಮುಂದೆ ಹಪ್ಪಳದಂಥ ಕಾಗದ, ಹಿಂದೆ ಒರಳಿನಂಥ ಭಾರ. ಹಪ್ಪಳವನ್ನೂ ಒರಳನ್ನೂ ಒಂದೇ ಬುಟ್ಟಿಯಲ್ಲಿಟ್ಟು ಸಾಗಿಸಿ ಎಂದರೆ ಯಾವ ಗೃಹಿಣಿಯಾದರೂ ನಕ್ಕಾಳು. ಸ್ಪೀಕರು ಸಾಗಿಸುವವರ ಕಷ್ಟವೆಲ್ಲ ಇಷ್ಟೇ.

ಸಿನಿಮಾಕ್ಕೆ ಮಾತು ಬಂದ ಮೇಲೆ ಈ ಕಷ್ಟ ಪ್ರಪಂಚಕ್ಕೆಲ್ಲ ಹರಡಿತು. ಊರೂರಿನ ಚಿತ್ರಮಂದಿರಗಳಿಗೂ ದೊಡ್ಡ ದನಿ ಬೇಕಾಯಿತು. ನಮ್ಮ ದೇಶದಲ್ಲಿ 1931ರಲ್ಲಿ 'ಆಲಂ ಆರಾ' ಬಂತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆಯ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಪರದೆಯ ಮೇಲೆ ಸುಲೋಚನೆ ಬಾಯಿ ತೆರೆದಳು ನಿಜ; ದನಿ ಹೊರಟದ್ದು ಪರದೆಯ ಹಿಂದಿನ ಸ್ಪೀಕರಿನಿಂದ.

ನಗರದ ಚಿತ್ರಮಂದಿರದಲ್ಲಿ ಒಮ್ಮೆ ಇಟ್ಟ ಸ್ಪೀಕರು ಅಲ್ಲೇ ಇರುತ್ತದೆ. ಟೂರಿಂಗ್ ಟಾಕೀಸಿನ ಸ್ಪೀಕರಿಗೆ ಆ ಭಾಗ್ಯವಿರಲಿಲ್ಲ. ನಮ್ಮ ಚಿಕ್ಕಂದಿನಲ್ಲಿ, ಸುಗ್ಗಿ ಮುಗಿದ ಮೇಲೆ ಊರ ಹೊರಗಿನ ಬಯಲಿನಲ್ಲಿ ಡೇರೆ ಏಳುತ್ತಿತ್ತು. ಒಂದು ಕಡೆ ಗಂಡಸರು, ಇನ್ನೊಂದು ಕಡೆ ನಾವು, ನೆಲದ ಮೇಲೆ. ಮಳೆಗಾಲಕ್ಕೆ ಮುಂಚೆ ಡೇರೆ ಇಳಿಯುತ್ತಿತ್ತು. ಸಾಮಾನು ತುಂಬುವುದನ್ನು ನೋಡಲು ಮಕ್ಕಳೆಲ್ಲ ಸೇರುತ್ತಿದ್ದೆವು. ಬೆಂಚು, ಗೂಟ, ಹಗ್ಗಗಳನ್ನು ಗಾಡಿಗೆ ಎಸೆಯುತ್ತಿದ್ದ ಆಳುಗಳು, ಸ್ಪೀಕರಿನ ಪೆಟ್ಟಿಗೆಯ ಹತ್ತಿರ ಬಂದೊಡನೆ ದನಿ ತಗ್ಗಿಸುತ್ತಿದ್ದರು. ಗಾಡಿಯ ತಳಕ್ಕೆ ಮೊಣಕಾಲುದ್ದ ಭತ್ತದ ಹುಲ್ಲು ಹಾಸಿ, ಮೇಲೆ ಗೋಣಿಚೀಲ ಹರಡಿ, ಪೆಟ್ಟಿಗೆಯನ್ನು ಬಾಣಂತಿಯನ್ನು ಮಲಗಿಸುವಷ್ಟು ನಿಧಾನವಾಗಿ ಇಳಿಸುತ್ತಿದ್ದರು. ಸುತ್ತ ಮತ್ತೆ ಹುಲ್ಲು ತುರುಕಿ, ಕೈಯಿಂದ ಅಲುಗಿಸಿ ನೋಡಿ, ಅಲುಗಿದರೆ ಇನ್ನೊಂದು ಹಿಡಿ. ಯಾವ ಪುಸ್ತಕವನ್ನೂ ಓದಿ ಅವರು ಇದನ್ನು ಕಲಿತಿರಲಿಲ್ಲ.

ಹಾಗೆ ನೋಡಿದರೆ ಈ ವಿದ್ಯೆ ನಮ್ಮದೇ. ಬಳೆಗಾರ ತನ್ನ ಮಲಾರವನ್ನು ಹೆಗಲಿಗೇರಿಸಿ ಹತ್ತು ಊರು ಸುತ್ತಿದರೂ ಗಾಜಿನ ಬಳೆ ಒಡೆಯುವುದಿಲ್ಲ. ಯಾಕೆಂದರೆ ಬಳೆಗಳು ಒಂದಕ್ಕೊಂದು ಬಿಗಿಯಾಗಿ ಒರಗಿ ಒಂದೇ ಕೊಳವೆಯಂತಾಗಿರುತ್ತವೆ, ಅಲುಗಲು ಸಂದಿಲ್ಲ. ಉಪ್ಪಿನಕಾಯಿಯ ಪಿಂಗಾಣಿ ಭರಣಿಯನ್ನು ತವರಿನಿಂದ ತರುವಾಗ ಹಳೆಯ ಸೀರೆ ಸುತ್ತಿ, ಬುಟ್ಟಿಯಲ್ಲಿ ಹುಲ್ಲಿನ ಸಿಂಬಿ ಮಾಡಿ ಕೂರಿಸಿದವರು ನಮ್ಮ ಅಮ್ಮಂದಿರು. ಕುಂಬಾರನ ಗಾಡಿಯಲ್ಲಿ ಗಡಿಗೆಗಳ ನಡುವೆ ಹುಲ್ಲು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಹುಟ್ಟಿದ ನಾಡಿನಲ್ಲಿ, ಆ ನಿಮಿಷವನ್ನು ತಡೆಯುವ ಬುದ್ಧಿಯೂ ಹುಟ್ಟದೆ ಇರುತ್ತದೆಯೇ? ಎರಡೇ ಸೂತ್ರ. ಒಳಗಿನದು ಅಲುಗಬಾರದು, ಹೊರಗಿನ ಪೆಟ್ಟು ಒಳಗಿನದಕ್ಕೆ ನೇರವಾಗಿ ತಾಗಬಾರದು.

ಹುಲ್ಲಿನ ಜಾಗಕ್ಕೆ ಕಾಗದ ಬಂದ ಕಥೆಯೂ ಚೆನ್ನಾಗಿದೆ. 1856ರಲ್ಲಿ ಇಂಗ್ಲೆಂಡಿನ ಹೀಲಿ ಮತ್ತು ಆಲೆನ್ ಎಂಬಿಬ್ಬರು ಕಾಗದವನ್ನು ಸೀರೆಯ ನೆರಿಗೆಯಂತೆ ಮಡಿಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಅವರ ಉದ್ದೇಶ ಗಂಡಸರ ಎತ್ತರದ ಟೊಪ್ಪಿಗೆಯ ಒಳಗೆ ಬೆವರು ಹೀರುವ ಪಟ್ಟಿ ಮಾಡುವುದಷ್ಟೇ. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಅದೇ ನೆರಿಗೆಯ ಕಾಗದವನ್ನು ಸೀಸೆಗಳಿಗೂ ಲಾಟೀನಿನ ಗಾಜಿನ ಚಿಮಣಿಗಳಿಗೂ ಸುತ್ತಿದ. ನೆರಿಗೆಯ ಎರಡೂ ಬದಿಗೆ ಹಾಳೆ ಅಂಟಿಸಿದ ಮೇಲೆ ಅದು ಇಂದಿನ ರಟ್ಟಿನ ಪೆಟ್ಟಿಗೆಯಾಯಿತು. ಮುಂದೆ 1957ರಲ್ಲಿ ನ್ಯೂಜೆರ್ಸಿಯ ಫೀಲ್ಡಿಂಗ್ ಮತ್ತು ಶಾವಾನ್ ಎಂಬವರು ಸ್ನಾನದ ಮನೆಯ ಎರಡು ಪ್ಲಾಸ್ಟಿಕ್ ಪರದೆಗಳನ್ನು ಒಟ್ಟಿಗೆ ಅಂಟಿಸಿ, ನಡುವೆ ಗಾಳಿಗುಳ್ಳೆ ಸಿಕ್ಕಿಸಿ, ಗೋಡೆಗೆ ಅಂಟಿಸುವ ಅಲಂಕಾರ ಎಂದು ಮಾರಹೊರಟರು. ಯಾರೂ ಕೊಳ್ಳಲಿಲ್ಲ. ಕೆಲವು ವರ್ಷಗಳ ನಂತರ ಐಬಿಎಂ ಕಂಪನಿ ತನ್ನ ಕಂಪ್ಯೂಟರುಗಳನ್ನು ಅದರಲ್ಲಿ ಸುತ್ತಿ ಕಳಿಸಲು ತೊಡಗಿದಾಗ ಅದಕ್ಕೆ ಸರಿಯಾದ ಮನೆ ಸಿಕ್ಕಿತು. ಮಕ್ಕಳು ಟಪ್ ಟಪ್ ಎಂದು ಒಡೆದು ಆಡುವ ಆ ಗುಳ್ಳೆ ಹಾಳೆ ಅದೇ.

ಇವೆಲ್ಲ ಕೈಯ ಅಂದಾಜಿನ ಕೆಲಸ. ಲೆಕ್ಕ ಹಾಕಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ರೇಡಿಯೋ ಯಂತ್ರಗಳು, ಗಾಜಿನ ವಾಲ್ವುಗಳು ಹಡಗು ವಿಮಾನಗಳಲ್ಲಿ ದೂರದ ರಣರಂಗಗಳಿಗೆ ಹೋಗಬೇಕಿತ್ತು. ಒಡೆದರೆ ಹಣ ಮಾತ್ರವಲ್ಲ, ಪ್ರಾಣವೂ ಹೋಗುವ ಕಾಲ. ಆಗ ರೇಮಂಡ್ ಮಿಂಡ್ಲಿನ್ ಎಂಬ ವಿಜ್ಞಾನಿ, ಪ್ಯಾಕಿಂಗ್ ಮೆತ್ತೆ ಹೇಗೆ ಕೆಲಸ ಮಾಡುತ್ತದೆ ಎಂದು ಗಣಿತ ಬರೆದು 1945ರಲ್ಲಿ ಬೆಲ್ ಟೆಲಿಫೋನ್ ಪ್ರಯೋಗಾಲಯದ ಪತ್ರಿಕೆಯಲ್ಲಿ ಪ್ರಕಟಿಸಿದರು. ದೊಡ್ಡ ಪ್ರಬಂಧ, ಕಠಿಣ ಗಣಿತ. ಅದರ ತಿರುಳನ್ನು ಮಾತ್ರ ನಮ್ಮ ಹೈಸ್ಕೂಲಿನ ಲೆಕ್ಕದಲ್ಲಿ ಹೇಳಬಹುದು.

ಒಂದು ವಸ್ತು ಎಷ್ಟು ಎತ್ತರದಿಂದ ಬಿತ್ತು ಎಂಬುದನ್ನು, ಅದು ಎಷ್ಟು ದೂರದಲ್ಲಿ ನಿಂತಿತು ಎಂಬುದರಿಂದ ಭಾಗಿಸಿ. ಬಂದ ಉತ್ತರ, ಪೆಟ್ಟು ಆ ವಸ್ತುವಿನ ತೂಕದ ಎಷ್ಟು ಪಟ್ಟು ಎಂಬುದನ್ನು ಸುಮಾರಾಗಿ ಹೇಳುತ್ತದೆ. ಸ್ಪೀಕರಿನ ಪೆಟ್ಟಿಗೆ ಲಾರಿಯಿಂದ 50 ಸೆಂಟಿಮೀಟರ್ ಜಾರಿ, ಗಟ್ಟಿ ನೆಲದ ಮೇಲೆ ಅರ್ಧ ಸೆಂಟಿಮೀಟರಿನಲ್ಲಿ ನಿಂತರೆ ಪೆಟ್ಟು ನೂರು ಪಟ್ಟು. ಒಳಗಿನ ಅಯಸ್ಕಾಂತ 5 ಕಿಲೋ ಇದ್ದರೆ, ಆ ಕ್ಷಣದಲ್ಲಿ ಅದನ್ನು ಹಿಡಿದಿರುವ ಅಂಟಿನ ಮೇಲೆ 500 ಕಿಲೋ ಜಗ್ಗಿದ ಹಾಗೆ. ಅದೇ ಪೆಟ್ಟಿಗೆ ಒಳ್ಳೆಯ ಮೆತ್ತೆಯ ಮೇಲೆ 5 ಸೆಂಟಿಮೀಟರ್ ಕುಸಿದು ನಿಂತರೆ ಪೆಟ್ಟು ಹತ್ತು ಪಟ್ಟು, ಅಂದರೆ 50 ಕಿಲೋ. ಬಿದ್ದ ಎತ್ತರ ಅದೇ, ಬಿದ್ದ ಭಾರ ಅದೇ. ಉಳಿಸಿದ್ದು ನಡುವಿನ ಆ ನಾಲ್ಕು ಬೆರಳ ಮೆತ್ತೆ. ಹಾಗೆಂದು ಮೆತ್ತೆ ಅತಿ ಮೆತ್ತಗಿದ್ದರೂ ಪ್ರಯೋಜನವಿಲ್ಲ. ಹಳೆಯ ಹತ್ತಿಯ ಹಾಸಿಗೆಯ ಮೇಲೆ ಧಡೂತಿ ನೆಂಟರು ಕುಳಿತರೆ ಮಂಚದ ಹಲಗೆ ತಾಗುವಂತೆ, ಮೆತ್ತೆ ಪೂರ್ತಿ ಅಮುಕಿಹೋಗಿ ನೆಲವೇ ತಾಗುತ್ತದೆ. ಭಾರಕ್ಕೆ ತಕ್ಕ ಮೆತ್ತೆ ಬೇಕು.

ಯುದ್ಧ ಮುಗಿದ ಮೇಲೆ ಈ ಲೆಕ್ಕ ಅಡುಗೆಮನೆಗೆ ಬಂತು. ಅಮೆರಿಕದಲ್ಲಿ ಎನಾಮಲ್ ಲೇಪದ ಒಲೆಗಳು, ಬಟ್ಟೆ ಒಗೆಯುವ ಯಂತ್ರಗಳು ಮನೆಗೆ ಬರುವಷ್ಟರಲ್ಲಿ ಚಕ್ಕೆ ಎದ್ದಿರುತ್ತಿದ್ದವು. ನಮ್ಮ ಮನೆಗಳ ಎನಾಮಲ್ ತಟ್ಟೆ ಒಮ್ಮೆ ಕೈಜಾರಿದರೆ ಅಂಚಿನಲ್ಲಿ ಕಪ್ಪು ಕಲೆ ಬೀಳುತ್ತಿತ್ತಲ್ಲ, ಹಾಗೆ. ಆ ಎನಾಮಲ್ ಉದ್ಯಮದವರೇ 1948ರಲ್ಲಿ ಸುರಕ್ಷಿತ ಸಾಗಣೆಗಾಗಿ ಒಂದು ರಾಷ್ಟ್ರೀಯ ಸಮಿತಿ ಮಾಡಿಕೊಂಡರು. ಪೆಟ್ಟಿಗೆ ಕಳಿಸುವ ಮೊದಲೇ ಅದನ್ನು ಬೀಳಿಸಿ, ಕುಲುಕಿಸಿ ಪರೀಕ್ಷೆ ಮಾಡುವ ಕ್ರಮ ಹೀಗೆ ನೆಲೆಯೂರಿತು. ಇಂದು ಅದು ಇಸ್ಟಾ ಎಂಬ ಅಂತರರಾಷ್ಟ್ರೀಯ ಸಂಸ್ಥೆ. ಅದರ ಸರಳ ಪರೀಕ್ಷೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೊಂದಿದೆ. ಹತ್ತು ಕಿಲೋಕ್ಕಿಂತ ಹಗುರವಾದ ಪೆಟ್ಟಿಗೆಯನ್ನು ಸುಮಾರು 76 ಸೆಂಟಿಮೀಟರ್ ಎತ್ತರದಿಂದ ಬೀಳಿಸಬೇಕು; ಅದಕ್ಕಿಂತ ಬಹಳ ಭಾರವಾದದ್ದನ್ನು ತೀರ ಕಡಿಮೆ ಎತ್ತರದಿಂದ ಬೀಳಿಸಿದರೆ ಸಾಕು. ಭಾರವಾದದ್ದಕ್ಕೆ ಯಾಕೆ ರಿಯಾಯಿತಿ ಎಂದರೆ, ಹಗುರವಾದದ್ದನ್ನು ಮನುಷ್ಯರು ಎಸೆಯುತ್ತಾರೆ, ಭಾರವಾದದ್ದನ್ನು ಎಸೆಯಲು ಆಗುವುದಿಲ್ಲ. ಆದ್ದರಿಂದಲೇ ತಿಳಿದವರು ದೊಡ್ಡ ಸ್ಪೀಕರನ್ನು ಬಿಡಿಯಾಗಿ ಕಳಿಸದೆ ಮರದ ಅಟ್ಟಣಿಗೆಗೆ ಬಿಗಿದು ಕಳಿಸುತ್ತಾರೆ. ಆಗ ಅದನ್ನು ಎತ್ತುವುದಕ್ಕೆ ಯಂತ್ರವೇ ಬೇಕು, ಉರುಳಿಸುವ ಆಸೆ ಯಾರಿಗೂ ಬರುವುದಿಲ್ಲ.

ಸ್ಪೀಕರು ಸಾಗಿಸುವ ಸಾಹಸ ಮಿತಿಮೀರಿದ್ದು 1974ರಲ್ಲಿ. ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ಸಂಗೀತ ತಂಡ, ಸುಮಾರು 600 ಸ್ಪೀಕರುಗಳನ್ನು ಮೂರು ಅಂತಸ್ತಿನಷ್ಟು ಎತ್ತರಕ್ಕೆ ಪೇರಿಸಿ ಒಂದು ಗೋಡೆಯನ್ನೇ ಕಟ್ಟಿತು. ಶಬ್ದದ ಗೋಡೆ ಎಂದೇ ಅದಕ್ಕೆ ಹೆಸರು. ತೂಕ ಸುಮಾರು 75 ಟನ್. ನಾಲ್ಕು ಭಾರಿ ಲಾರಿಗಳು, ಇಪ್ಪತ್ತಕ್ಕೂ ಹೆಚ್ಚು ಆಳುಗಳು. ಕಟ್ಟುವುದಕ್ಕೆ ಎಷ್ಟು ಹೊತ್ತು ಬೇಕಿತ್ತೆಂದರೆ, ಒಂದು ಊರಿನಲ್ಲಿ ಕಛೇರಿ ನಡೆಯುತ್ತಿರುವಾಗಲೇ ಮುಂದಿನ ಊರಿನಲ್ಲಿ ಇನ್ನೊಂದು ವೇದಿಕೆ ಏಳಬೇಕಿತ್ತು. ಹಾಡು ಕೇಳಿದವರು ಅಂಥ ಸ್ಪಷ್ಟ ದನಿ ಇನ್ನೊಂದಿಲ್ಲ ಎಂದರು. ಆದರೆ ಮಾರ್ಚಿಯಲ್ಲಿ ಎದ್ದ ಗೋಡೆ ಅಕ್ಟೋಬರಿಗೆ ಮಲಗಿತು. ಅದನ್ನು ಹೊತ್ತು ತಿರುಗುವ ಖರ್ಚನ್ನೂ ದಣಿವನ್ನೂ ತಾಳಲಾಗಲಿಲ್ಲ. ಹಾಡುವುದಕ್ಕಿಂತ ಹೊರುವುದೇ ದೊಡ್ಡದಾದರೆ ಆಗುವುದು ಹೀಗೆಯೇ.

ಇದನ್ನೆಲ್ಲ ನಾನು ಹುಡುಕಿ ಓದತೊಡಗಿದ್ದಕ್ಕೆ ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಸಭಾಂಗಣಕ್ಕೆಂದು ಹಳೆಯ ವಿದ್ಯಾರ್ಥಿನಿಯರು ಚಂದಾ ಎತ್ತಿ ಎರಡು ದೊಡ್ಡ ಸ್ಪೀಕರು ತರಿಸಿದರು. ದೂರದ ನಗರದಿಂದ ಲಾರಿಯಲ್ಲಿ ಬಂದವು. ದಾಸ್ತಾನು ಪುಸ್ತಕ ನನ್ನ ಕೈಯಲ್ಲಿದ್ದುದರಿಂದ, ಲಾರಿಯ ಮೇಲಿರುವಾಗಲೇ ಪೆಟ್ಟಿಗೆಗಳ ಮೇಲೆ ಸೀಮೆಸುಣ್ಣದಲ್ಲಿ ಒಂದು, ಎರಡು ಎಂದು ಬರೆಸಿ, ಬಿಚ್ಚಿದ ಮೇಲೆ ಸ್ಪೀಕರುಗಳ ಬೆನ್ನಿಗೂ ಅದೇ ಅಂಕಿ ಹಾಕಿಸಿದೆ. ಒಂದನೆಯದನ್ನು ಇಳಿಸುವಾಗ ಹಮಾಲಿಯೊಬ್ಬನ ಕಾಲು ಜಾರಿತು. ಪೆಟ್ಟಿಗೆಯ ಒಂದು ಮೂಲೆ ಧಡ್ ಎಂದು ನೆಲಕ್ಕೆ ತಾಗಿತು. ಎಲ್ಲರೂ ನೋಡಿದರು. ಎರಡನೆಯದು ಹೂವಿನಂತೆ ಇಳಿಯಿತು.

ಮರುದಿನ ಪ್ರಾರ್ಥನೆಗೆ ಹಚ್ಚಿದರೆ ಒಂದು ಸ್ಪೀಕರಿನಿಂದ ಮಕ್ಕಳ ದನಿಯ ಜೊತೆ ಕರಕರ ಸದ್ದು, ನೆಗಡಿಯಾದವರು ಹಾಡಿದ ಹಾಗೆ. ಮಾರಿದವರಿಗೆ ಫೋನು ಮಾಡಿದರೆ "ನಮ್ಮಲ್ಲಿ ಸರಿಯಾಗಿತ್ತು, ಲಾರಿಯವರನ್ನು ಕೇಳಿ" ಎಂದರು. ಲಾರಿ ಕಚೇರಿಯವರು "ಪೆಟ್ಟಿಗೆ ಹರಿದಿಲ್ಲ, ಮುರಿದಿಲ್ಲ, ಮಾಲು ಸುಸ್ಥಿತಿಯಲ್ಲಿ ತಲುಪಿತೆಂದು ಸಹಿಯಾಗಿದೆ" ಎಂದರು. ಕೊನೆಗೆ ಎಲ್ಲರ ಬೆರಳೂ ಕಾಲು ಜಾರಿದ ಹಮಾಲಿಯತ್ತ ತಿರುಗಿತು. ಅವನ ಎರಡು ದಿನದ ಕೂಲಿಯನ್ನು ಮೇಸ್ತ್ರಿ ಹಿಡಿದಿಟ್ಟ. ಅತ್ತೆ ಒಡೆದದ್ದು ಹಳೆಯ ಗಡಿಗೆ, ಸೊಸೆ ಒಡೆದದ್ದು ಹೊಸ ಗಡಿಗೆ ಎನ್ನುತ್ತಾರಲ್ಲ, ಆ ನ್ಯಾಯ. ಒಡೆದದ್ದು ಯಾವುದು ಎಂದು ನೋಡುವುದಕ್ಕೆ ಮೊದಲೇ ಒಡೆದವರು ಯಾರು ಎಂಬುದು ತೀರ್ಮಾನವಾಗಿರುತ್ತದೆ.

ನಮ್ಮ ಊರಿನಲ್ಲಿ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರಿದ್ದರು. ಅವರನ್ನು ಕರೆಸಿದೆವು. ಕರಕರ ಎನ್ನುವ ಸ್ಪೀಕರಿನ ಕಾಗದದ ಬಟ್ಟಲನ್ನು ಎರಡೂ ಕೈಯ ಬೆರಳುಗಳಿಂದ ಸಮವಾಗಿ, ಮೆಲ್ಲಗೆ ಒತ್ತಿ ಕಿವಿಗೊಟ್ಟರು. ಒಳಗೆ ಉಜ್ಜುವ ಸದ್ದು. ಬಿಚ್ಚಿ ತೋರಿಸಿದರು: ದುಂಡಗಿನ ಕಪ್ಪು ಅಯಸ್ಕಾಂತ ತನ್ನ ಜಾಗದಿಂದ ಒಂದು ಗೆರೆಯಷ್ಟು ಪಕ್ಕಕ್ಕೆ ಸರಿದಿತ್ತು. ಸಂದು ಒಂದು ಕಡೆ ಮುಚ್ಚಿಹೋಗಿ ಸುರುಳಿ ಕಬ್ಬಿಣಕ್ಕೆ ತಾಗುತ್ತಿತ್ತು. ಆಮೇಲೆ ಅದರ ಬೆನ್ನು ತಿರುಗಿಸಿ ನೋಡಿದರೆ, ಸೀಮೆಸುಣ್ಣದಲ್ಲಿದ್ದ ಅಂಕಿ ಎರಡು. ಹಮಾಲಿಯ ಕೈಯಲ್ಲಿ ಜಾರಿದ ಒಂದನೆಯದು ಗಟ್ಟಿಮುಟ್ಟಾಗಿ ಹಾಡುತ್ತಿತ್ತು. ಹೊರಗಿಟ್ಟಿದ್ದ ರಟ್ಟುಗಳನ್ನು ತರಿಸಿ ನೋಡಿದರು. ಎರಡನೆಯದರಲ್ಲಿ ಮೂಲೆಗೊಂದು ಚೂರು ಥರ್ಮೊಕೋಲು ಮಾತ್ರ, ಅದೂ ಪುಡಿಯಾಗಿತ್ತು. ಸುತ್ತಲೂ ಕೈ ತೂರುವಷ್ಟು ಸಂದು. ದಾರಿಯುದ್ದಕ್ಕೂ ಅದು ಪೆಟ್ಟಿಗೆಯೊಳಗೇ ಬಡಿದುಕೊಂಡು ಬಂದಿತ್ತು. "ಇಳಿಸಿದವನ ತಪ್ಪಲ್ಲಮ್ಮ, ತುಂಬಿದವನ ತಪ್ಪು" ಎಂದರು ಅವರು. ದಾಸ್ತಾನು ಪುಸ್ತಕದಲ್ಲಿ ಅದನ್ನೇ ಬರೆಸಿ, ಮೇಸ್ತ್ರಿಗೆ ತೋರಿಸಿ, ಹಮಾಲಿಯ ಕೂಲಿ ಕೊಡಿಸಿದೆವು. ಮಾರಿದವರು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.

ಅಯಸ್ಕಾಂತ ಯಾಕೆ ಸರಿಯುತ್ತದೆ ಎಂದು ಓದುತ್ತ ಹೋದರೆ ದಾರಿ ಆಫ್ರಿಕಕ್ಕೆ ಹೋಯಿತು. 1931ರಲ್ಲಿ ಜಪಾನಿನ ಮಿಶಿಮಾ ಎಂಬ ವಿಜ್ಞಾನಿ ಕಂಡುಹಿಡಿದ ಮಿಶ್ರಲೋಹದಿಂದ ಆಲ್ನಿಕೋ ಎಂಬ ಬಲವಾದ ಅಯಸ್ಕಾಂತಗಳು ಬೆಳೆದು ಬಂದಿದ್ದವು. ಅವುಗಳಿಗೆ ಕೋಬಾಲ್ಟ್ ಬೇಕು. ಕೋಬಾಲ್ಟಿನ ದೊಡ್ಡ ಗಣಿಗಳಿರುವುದು, ಆಗ ಝೈರ್ ಎನಿಸಿಕೊಂಡಿದ್ದ ಈಗಿನ ಕಾಂಗೋ ದೇಶದಲ್ಲಿ. 1977 ಮತ್ತು 1978ರಲ್ಲಿ ಅಲ್ಲಿಯ ಗಣಿ ಪ್ರಾಂತದಲ್ಲಿ ಯುದ್ಧ ನಡೆದು ಕೋಬಾಲ್ಟಿನ ಬೆಲೆ ಹಲವು ಪಟ್ಟು ಏರಿತು. ಸ್ಪೀಕರು ತಯಾರಕರು ಫೆರೈಟ್ ಎಂಬ ಅಗ್ಗದ ಕಪ್ಪು ಅಯಸ್ಕಾಂತಕ್ಕೆ ತಿರುಗಿದರು. ಅಷ್ಟೇ ಬಲಕ್ಕೆ ಫೆರೈಟು ಅಗಲವಾಗಿಯೂ ಭಾರವಾಗಿಯೂ ಇರಬೇಕು. ಕಲ್ಲಿನ ಬಿಲ್ಲೆಯಂಥ ಅದನ್ನು ಎರಡು ಉಕ್ಕಿನ ತಟ್ಟೆಗಳ ನಡುವೆ ಬಹುಮಟ್ಟಿಗೆ ಅಂಟಿನಿಂದಲೇ ಹಿಡಿಸುತ್ತಾರೆ. ಪೆಟ್ಟಿಗೆ ಕುಕ್ಕರಿಸಿ ಬಿದ್ದಾಗ ಆ ಭಾರವೆಲ್ಲ ಅಂಟಿನ ಮೇಲೆ ಅಡ್ಡಲಾಗಿ ಜಗ್ಗುತ್ತದೆ. ಅಂಟು ಸೋತರೆ ಅಯಸ್ಕಾಂತ ಜಾರುತ್ತದೆ. ಎಲ್ಲೋ ಆಫ್ರಿಕದಲ್ಲಿ ಗುಂಡು ಹಾರಿದರೆ, ವರ್ಷಗಳ ಮೇಲೆ ನಮ್ಮ ಶಾಲೆಯ ಪ್ರಾರ್ಥನೆಗೆ ಗಂಟಲು ಕಟ್ಟಿತು! 1980ರ ದಶಕದಲ್ಲಿ ನಿಯೋಡಿಮಿಯಮ್ ಎಂಬ ಧಾತುವಿನ ಹಗುರ ಅಯಸ್ಕಾಂತಗಳು ಬಂದಿವೆ. ಆದರೆ ಬೆಲೆ ಹೆಚ್ಚು. ನಮ್ಮಂಥ ಶಾಲೆಗಳಿಗೆ ಬರುವುದು ಇನ್ನೂ ಹೆಚ್ಚಾಗಿ ಫೆರೈಟೇ.

ಹಾಗಾದರೆ ಸರಿಯಾಗಿ ಸಾಗಿಸುವುದು ಹೇಗೆ? ಕಲಿತವರ ಕ್ರಮ ಹೀಗಿದೆ. ತೀರ ಭಾರದ ಸ್ಪೀಕರಾದರೆ ಅದನ್ನು ಮರದ ಪೆಟ್ಟಿಗೆಯಿಂದ ಬಿಚ್ಚಿ ಬೇರೆಯಾಗಿ ಕಟ್ಟುತ್ತಾರೆ. ಕಾಗದದ ಬಟ್ಟಲಿಗೆ ಏನೂ ತಾಗದಂತೆ ಮುಂದೆ ಗಟ್ಟಿ ಹಲಗೆ ಕೊಡುತ್ತಾರೆ. ಬಣ್ಣಕ್ಕೆ ಗೀರು ಬೀಳದಂತೆ ಮೊದಲು ತೆಳು ಹಾಳೆ, ಆಮೇಲೆ ಆರು ಕಡೆಗೂ ಎರಡು ಮೂರು ಇಂಚು ಗಟ್ಟಿ ನೊರೆಮೆತ್ತೆ. ಮೂಲೆಗಳಿಗೆ ಇನ್ನೂ ಹೆಚ್ಚು, ಏಕೆಂದರೆ ಬೀಳುವಾಗ ಮೊದಲು ತಾಗುವುದು ಮೂಲೆಯೇ. ಒಂದು ರಟ್ಟಿನ ಪೆಟ್ಟಿಗೆಯನ್ನು ಇನ್ನೊಂದರೊಳಗೆ ಇಟ್ಟು ನಡುವೆ ಮತ್ತೆ ಮೆತ್ತೆ. ಎತ್ತಿ ಕುಲುಕಿದರೆ ಒಳಗೆ ಏನೂ ಮಿಸುಕಬಾರದು. ನಮ್ಮ ಡೇರೆಯ ಆಳುಗಳು ಹುಲ್ಲು ತುರುಕಿ ಕೈಯಿಂದ ಅಲುಗಿಸಿ ನೋಡುತ್ತಿದ್ದದ್ದೂ ಇದೇ.

ಕಡಲು ದಾಟುವ ಪೆಟ್ಟಿಗೆಗೆ ಇನ್ನೊಂದು ನಿಯಮವಿದೆ. 1996ರಲ್ಲಿ ನ್ಯೂಯಾರ್ಕಿನ ಮರಗಳಲ್ಲಿ ಏಷ್ಯಾದ ಉದ್ದಮೀಸೆಯ ದುಂಬಿಯೊಂದು ಕಾಣಿಸಿತು. ಸಾಮಾನು ತುಂಬಿದ ಮರದ ಪೆಟ್ಟಿಗೆಗಳೊಳಗೆ ಅದು ಚೀನಾದಿಂದ ಬಂದಿತ್ತು. ಇಂಥ ಕೀಟಗಳ ಕಾಟ ತಡೆಯಲು 2002ರಲ್ಲಿ ಅಂತರರಾಷ್ಟ್ರೀಯ ನಿಯಮ ಬಂತು. ಅದರಲ್ಲಿ ಹೇಳಿದ ಮುಖ್ಯ ಉಪಾಯ, ಮರವನ್ನು ಅದರ ತಿರುಳಿನವರೆಗೂ 56 ಡಿಗ್ರಿಗೆ ಕಾಯಿಸಿ 30 ನಿಮಿಷ ಇಡುವುದು. ಆಮೇಲೆ ಗೋಧಿ ತೆನೆಯ ಮುದ್ರೆ ಒತ್ತುವುದು. ಬೇಳೆಗೆ ಹುಳ ಬೀಳದಂತೆ ನಾವು ಹುರಿದಿಡುತ್ತೇವಲ್ಲ, ಅದೇ ಉಪಾಯ.

ನಷ್ಟ ಯಾರದ್ದು ಎಂಬ ಪ್ರಶ್ನೆಯೂ ಹಳೆಯದೇ. ನಮ್ಮ ದೇಶದ 1865ರ ಸಾಗಣೆದಾರರ ಕಾಯಿದೆ, ಮಾಲು ಕಳೆದರೆ ಅಥವಾ ಕೆಟ್ಟರೆ ಸಾಗಣೆದಾರನ ಅಲಕ್ಷ್ಯವನ್ನು ಮಾಲೀಕನೇ ರುಜುವಾತು ಮಾಡಬೇಕಿಲ್ಲ ಎಂದು ಹೇಳಿತ್ತು. ಅದರ ಜಾಗಕ್ಕೆ 2007ರ ರಸ್ತೆ ಸಾಗಣೆ ಕಾಯಿದೆ ಬಂದಿದೆ. 1989ರ ರೈಲ್ವೆ ಕಾಯಿದೆಯಲ್ಲಿ ಮಾಲೀಕರ ಹೊಣೆಯ ದರ, ರೈಲ್ವೆ ಹೊಣೆಯ ದರ ಎಂದು ಎರಡಿವೆ. ಹೆಚ್ಚಿನ ದರ ಕೊಟ್ಟು ರೈಲ್ವೆಯ ಹೊಣೆ ಎಂದು ಬರೆಸದಿದ್ದರೆ, ಮಾಲು ಮಾಲೀಕರ ಹೊಣೆಯಲ್ಲೇ ಹೋದಂತೆ. ಕಟ್ಟು ಸರಿಯಿಲ್ಲ ಎಂದು ಮೊದಲೇ ನಮೂದಾಗಿದ್ದರೆ ಪರಿಹಾರದ ದಾರಿ ಇನ್ನೂ ಕಿರಿದು. ಆದ್ದರಿಂದ ಸೋದರಿಯರೇ, ನಿಮ್ಮ ಮನೆಗೆ ಟಿವಿಯೋ ಫ್ರಿಜ್ಜೋ ಬಂದಾಗ ಬಿಚ್ಚಿ ನೋಡುವ ಮೊದಲು "ಸುಸ್ಥಿತಿಯಲ್ಲಿದೆ" ಎಂದು ಸಹಿ ಹಾಕಬೇಡಿ. ಬಿಚ್ಚಲು ಬಿಡದಿದ್ದರೆ "ಒಳಗಿನದನ್ನು ನೋಡಿಲ್ಲ" ಎಂದು ಬರೆದೇ ಸಹಿ ಮಾಡಿ. ರಟ್ಟನ್ನೂ ಮೆತ್ತೆಯನ್ನೂ ಒಂದು ವಾರ ಎಸೆಯಬೇಡಿ. ಸಾಕ್ಷಿ ಹೇಳುವುದು ಅವೇ.

ಪೆಟ್ಟಿಗೆಗಳ ಮೇಲೆ ಗಾಜಿನ ಲೋಟ, ಬಿಚ್ಚಿದ ಕೊಡೆ, ಮೇಲ್ಮುಖದ ಎರಡು ಬಾಣ, ಹೀಗೆ ಚಿತ್ರಗಳಿರುತ್ತವೆ. ಒಡೆಯುವ ವಸ್ತು, ನೀರು ತಾಗಿಸಬೇಡಿ, ಈ ಕಡೆ ಮೇಲೆ ಎಂದು ಅವುಗಳ ಅರ್ಥ. ಯಾವ ಭಾಷೆಯವನಿಗೂ, ಓದು ಬಾರದವನಿಗೂ ತಿಳಿಯಲೆಂದು ಜಗತ್ತೆಲ್ಲ ಒಪ್ಪಿಕೊಂಡ ಗುರುತುಗಳು. ನನಗೆ ಅವನ್ನು ನೋಡಿದಾಗಲೆಲ್ಲ ಸಂತೋಷವಾಗುತ್ತದೆ. ದಾರಿಯಲ್ಲಿ ಆ ಪೆಟ್ಟಿಗೆಗೆ ಭುಜ ಕೊಡುವ ಅಪರಿಚಿತನೊಡನೆ, ಕಟ್ಟಿದವನು ಆಡಿದ ಎರಡು ಮಾತು ಅವು. ಆದರೆ ಮಾತು ಬರೀ ಒಂದು ಕಡೆಯಿಂದ ಬರಬಾರದು. ಹೊರುವವನಿಗೆ ಜಾಗ್ರತೆ ಹೇಳುವವರು, ಹೊರಲು ಹಿಡಿಕೆ, ಇಳಿಸಲು ಹಲಗೆ, ಒಳಗೆ ತಕ್ಕಷ್ಟು ಮೆತ್ತೆ ಕೊಟ್ಟಿರಬೇಕು.

ಇಷ್ಟೆಲ್ಲ ಜತನದಿಂದ ತಲುಪಿದ ಮೇಲೆ ಆಗುವುದೇನು? ಸ್ಪೀಕರನ್ನು ಒಳಗೆ ಒಯ್ಯುತ್ತಾರೆ. ಹುಲ್ಲು, ರಟ್ಟು, ಗುಳ್ಳೆ ಹಾಳೆ ಹಿತ್ತಿಲಿಗೆ ಹೋಗುತ್ತವೆ. ಕೆಟ್ಟರೆ ಊರೆಲ್ಲ ಮಾತಾಡುತ್ತದೆ. ನೆಟ್ಟಗೆ ತಲುಪಿದರೆ ಕಟ್ಟಿದವನ ಹೆಸರು ಕೇಳುವವರಿಲ್ಲ. ಮನೆಯಲ್ಲಿ ಏನೂ ಒಡೆಯದಂತೆ, ಯಾರಿಗೂ ಪೆಟ್ಟು ನೇರವಾಗಿ ತಾಗದಂತೆ ದಿನ ಕಳೆಯುವ ಕೆಲಸವೂ ಇಂಥದ್ದೇ ಅಲ್ಲವೇ? ಅದನ್ನು ಮಾಡಿದವರಿಗೆ ಅದರ ತೂಕ ಗೊತ್ತು. ಮುಂದಿನ ಸಲ ಮೈಕಾಸುರನನ್ನು ಬೈಯುವಾಗ ಬೇಕಾದಷ್ಟು ಬೈಯೋಣ. ಆದರೆ ಅವನನ್ನು ಅಲುಗದಂತೆ ಕಟ್ಟಿದ ಕೈಗೂ, ನಡುಬಗ್ಗಿಸಿ ಇಳಿಸಿದ ಕೈಗೂ ಪಂಕ್ತಿಯಲ್ಲಿ ಒಂದೊಂದು ಎಲೆ ಹಾಕಿದ್ದಾರೆಯೇ ಎಂದು ಒಮ್ಮೆ ವಿಚಾರಿಸೋಣ.